ಗ್ರೀಸ್ ಕರಾವಳಿಯಲ್ಲಿ ಕಾರು ಪ್ರಯಾಣ: ಹದಿನಾರು ದಿನಕ್ಕೆ ಏಳು ದ್ವೀಪ ಹೆಚ್ಚಾಯಿತೇ?

ಶರಾವತಿ ದಂಡೆ | ಜೂನ್ 8

ಎಲ್ಲರಿಗೂ ನಮಸ್ಕಾರ. ಈ ಸಲದ ದಸರಾ ರಜೆಗೆ ಗ್ರೀಸ್ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನನ್ನಾಕೆ, ಹನ್ನೊಂದು ವರ್ಷದ ಮಗಳು, ಅರವತ್ತೆಂಟರ ಅಮ್ಮ. ಕೈಯಲ್ಲಿ ಹದಿನಾರು ದಿನ. ಅಥೆನ್ಸ್ ವಿಮಾನ ನಿಲ್ದಾಣದಲ್ಲೇ ಕಾರು ಬಾಡಿಗೆಗೆ ಹಿಡಿದು, ಅದನ್ನು ಹಡಗಿಗೆ ಹತ್ತಿಸಿಕೊಂಡು ಮಿಕೊನೊಸ್, ಪಾರೊಸ್, ನಾಕ್ಸೊಸ್, ಸ್ಯಾಂಟೊರಿನಿ, ಮಿಲೊಸ್, ಕ್ರೀಟ್, ಕೊನೆಗೆ ಕೊರ್ಫು ಎಂದು ಪಟ್ಟಿ ಮಾಡಿದ್ದೇನೆ. ಬಿಡುವಾಗಿ, ಆರಾಮವಾಗಿ ಸುತ್ತಬೇಕೆಂಬುದು ಆಸೆ. ಅಮ್ಮನಿಗೆ ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ: ಇದು ಆಗುವ ಮಾತೇ?

ಉಪ್ಪುನೀರು | ಜೂನ್ 8

ಊರು ಕುಮಟಾ, ಕೆಲಸ ಹಡಗಿನ ಎಂಜಿನ್ ಕೋಣೆಯಲ್ಲಿ, ಆರು ವರ್ಷದಿಂದ ಮನೆ ಅಥೆನ್ಸ್ ಬಳಿಯ ಬಂದರು ಪಿರೇಯಸ್‌ನಲ್ಲಿ. ನಿಮ್ಮ ಪಟ್ಟಿ ಓದಿ ಮೊದಲು ನಗು ಬಂತು, ಆಮೇಲೆ ನಿಮ್ಮ ತಾಯಿಯವರನ್ನು ನೆನೆದು ಮರುಕವಾಯಿತು. ಕೊರ್ಫು ಇರುವುದು ಅಯೋನಿಯನ್ ಕಡಲಿನಲ್ಲಿ, ದೇಶದ ಪಡುವಣ ತುದಿಗೆ. ಉಳಿದವೆಲ್ಲ ಮೂಡಣ ಬದಿಗೆ. ಮಲ್ಪೆ ನೋಡಿ ಹಾಗೆಯೇ ವಿಶಾಖಪಟ್ಟಣಕ್ಕೂ ಹೋಗಿ ಬರುತ್ತೇನೆ ಎಂದಂತಾಯಿತು.

ಹಡಗಿನ ಲೆಕ್ಕ ಸ್ವಲ್ಪ ಕೇಳಿ. ವೇಳಾಪಟ್ಟಿಯಲ್ಲಿ ಎರಡು ಗಂಟೆ ಎಂದಿದ್ದರೆ ಅದು ನೀರಿನ ಮೇಲಿನ ಎರಡು ಗಂಟೆ ಮಾತ್ರ. ಕೊಠಡಿ ಖಾಲಿ ಮಾಡಿ, ಒಂದು ಗಂಟೆ ಮೊದಲೇ ಬಂದರಿಗೆ ಬಂದು, ಬಿಸಿಲಿನಲ್ಲಿ ಸಾಲು ನಿಂತು, ಆಚೆ ಇಳಿದು ಹೊಸ ಕೊಠಡಿ ಹುಡುಕುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಏಳು ದ್ವೀಪ ಎಂದರೆ ಕಡಿಮೆಯೆಂದರೂ ಎಂಟು ಸಲ ಈ ಪಾಡು. ಇನ್ನು ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಕಡಲಿನ ಮೇಲೆ ಬಡಗಣದಿಂದ ಬೀಸುವ ಮೆಲ್ತೆಮಿ ಹೆಸರುವಾಸಿ. ಸೆಪ್ಟೆಂಬರ್ ಕೊನೆಗೆ ಅದರ ಆರ್ಭಟ ಇಳಿದಿರುತ್ತದೆ, ಆದರೆ ಗಾಳಿ ಪೂರ್ತಿ ಸತ್ತಿರುವುದಿಲ್ಲ. ಬೋಫೋರ್ಟ್ ಅಳತೆಯಲ್ಲಿ ಎಂಟು ಮುಟ್ಟಿತೆಂದರೆ ಬಂದರಿನ ಅಧಿಕಾರಿಗಳು ಹಡಗು ಬಿಡುವುದಿಲ್ಲ. ಅಪಗೊರೆಫ್ತಿಕೊ ಎನ್ನುತ್ತಾರೆ, ಅಂದರೆ ನಿಷೇಧ. ಆ ಪದವನ್ನು ಈಗಲೇ ಬಾಯಿಪಾಠ ಮಾಡಿಕೊಳ್ಳಿ.

ನನ್ನ ಮಾತು ಕೇಳುವುದಾದರೆ ಪೆಲೊಪೊನೀಸ್ ಎಂಬ ತೆಂಕಣ ಪರ್ಯಾಯದ್ವೀಪ ಹಿಡಿಯಿರಿ. ನಕ್ಷೆಯಲ್ಲಿ ನೋಡಿದರೆ ಹಸುವಿನ ಕೆಚ್ಚಲಿನಂತಿದೆ, ತೆಂಕಣಕ್ಕೆ ನಾಲ್ಕು ಮೊಲೆ ಇಳಿಬಿಟ್ಟಿದೆ. ಆ ನಾಲ್ಕರ ಅಂಚನ್ನು ಹಿಡಿದು ಕಾರಿನಲ್ಲಿ ಹೋಗುವುದೇ ಗ್ರೀಸ್‌ನ ನಿಜವಾದ ಕರಾವಳಿ ಪ್ರಯಾಣ. ದ್ವೀಪ ಬೇಕೇ ಬೇಕು ಎಂದರೆ ನೆಯಾಪೊಲಿ ಊರಿನಿಂದ ಕಿಥಿರಾಗೆ ಒಂದೂಕಾಲು ಗಂಟೆ. ಒಂದು ದ್ವೀಪ ಸಾಕು.

ಮೂಡಣ ಬಾಗಿಲು | ಜೂನ್ 9

ನಾವು ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ, ಮೂರು ಸಲ ಗ್ರೀಸ್ ನೋಡಿದ್ದೇವೆ. ಉಪ್ಪುನೀರು ಅವರ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. ಆದರೆ ಹನ್ನೊಂದು ವರ್ಷದ ಮಗುವಿಗೆ ದ್ವೀಪ ಎಂದರೆ ನಾಕ್ಸೊಸ್. ಊರಿನ ಬಾಗಿಲಲ್ಲೇ ಪೋರ್ತಾರಾ ನಿಂತಿದೆ: ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಕಟ್ಟಲು ತೊಡಗಿ ಕೈಬಿಟ್ಟ ಗುಡಿಯ ಅಮೃತಶಿಲೆಯ ದ್ವಾರ. ಗುಡಿಯಿಲ್ಲ, ಬಾಗಿಲು ಮಾತ್ರ. ಅದರಾಚೆ ಬರೀ ಕಡಲು. ನನ್ನ ಈ ಹೆಸರು ಅಲ್ಲಿಂದಲೇ ಬಂದದ್ದು. ಬಡಗಣ ತುದಿಯ ಅಪೊಲೊನಾಸ್ ಊರಿನಲ್ಲಿ ಹತ್ತು ಮೀಟರಿಗೂ ಉದ್ದದ ಅರೆಕೆತ್ತಿದ ಕಲ್ಲುಮನುಷ್ಯ ಗಣಿಯಲ್ಲೇ ಮಲಗಿದ್ದಾನೆ. ನನ್ನ ಮಗ ಅವನ ಪಕ್ಕದಲ್ಲಿ ತಾನೂ ಮಲಗಿ ನೋಡಿದ.

ಏಳು ಬೇಡ, ನಾಕ್ಸೊಸ್ ಒಂದೇ ಐದು ದಿನ. ಕಾರನ್ನು ಅಥೆನ್ಸಿನಿಂದ ಒಯ್ಯದೆ ಅಲ್ಲೇ ಹಿಡಿಯಿರಿ.

ನಾಲ್ಕನೇ ಗೇರ್ | ಜೂನ್ 9

ಹಡಗೇ ಬೇಡ, ದ್ವೀಪ ಮಾತ್ರ ಬೇಕು ಎನ್ನುವವರಿಗೆ ಲೆಫ್ಕಾದಾ ಇದೆ. ಕಾರಿನಲ್ಲೇ ಹೋಗಬಹುದು. ನಡುವೆ ತೇಲುವ ಸೇತುವೆ, ವಿಹಾರ ದೋಣಿಗಳಿಗಾಗಿ ಅದು ತೆರೆದುಕೊಂಡಾಗ ಐದು ಹತ್ತು ನಿಮಿಷ ಕಾದರಾಯಿತು. ದಾರಿಯಲ್ಲಿ ರಿಯೊ ಅಂತಿರಿಯೊ ಸೇತುವೆಯೂ ಸಿಗುತ್ತದೆ. 2004ರ ಒಲಿಂಪಿಕ್ಸ್ ಸಮಯಕ್ಕೆ ಸರಿಯಾಗಿ ತೆರೆದದ್ದು, ಉದ್ದ 2,880 ಮೀಟರ್. ಅದನ್ನು ದಾಟುವಾಗ ನಾನು ಹಾಡು ನಿಲ್ಲಿಸಿ ಸುಮ್ಮನೆ ನೋಡಿದೆ.

ಕಾರಿನ ವಿಷಯ. ಅಲ್ಲಿ ಬಲಬದಿಯ ಚಾಲನೆ, ಸ್ಟೀರಿಂಗ್ ಎಡಕ್ಕೆ. ಮೊದಲ ದಿನ ಗೇರ್ ಹಾಕಲು ಹೋಗಿ ಮೂರು ಸಲ ಬಾಗಿಲಿಗೆ ಗುದ್ದಿದ್ದೇನೆ. ಸಾಮಾನ್ಯವಾಗಿ ಕೊಡುವುದು ಮ್ಯಾನ್ಯುವಲ್ ಗಾಡಿ. ಆಟೊಮ್ಯಾಟಿಕ್ ಬೇಕಾದರೆ ಈಗಲೇ ಕಾದಿರಿಸಿ, ಹೆಚ್ಚು ಹಣ ತೆತ್ತರೂ ಸರಿ. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಒಂದು ವರ್ಷದ ಅವಧಿ, ಊರಿನ ಮೂಲ ಪರವಾನಗಿಯೂ ಜೊತೆಗಿರಬೇಕು. ಇನ್ನೊಂದು: ನಮ್ಮಲ್ಲಿ ಎದುರಿನವನು ದೀಪ ಮಿಟುಕಿಸಿದರೆ ಒಮ್ಮೊಮ್ಮೆ ‘ನೀವು ಹೋಗಿ’ ಎಂದರ್ಥ. ಅಲ್ಲಿ ‘ನಾನು ಬರುತ್ತಿದ್ದೇನೆ, ದಾರಿ ಬಿಡು’. ಹೆದ್ದಾರಿಯಲ್ಲಿ ನಿಧಾನದ ಗಾಡಿಗಳು ಬಲಗಡೆಯ ಗೆರೆಯನ್ನೂ ದಾಟಿ ಅಂಚಿನಲ್ಲೇ ಓಡುತ್ತವೆ, ಹಿಂದಿನವನು ಸಲೀಸಾಗಿ ಮುಂದೆ ಹೋಗಲೆಂದು. ನೀವೂ ಹಾಗೆಯೇ ಮಾಡಬೇಕೆಂದು ಹಿಂದಿನವನು ಬಯಸುತ್ತಾನೆ. ಮೊದಲ ದಿನವೇ ಆ ಸಾಹಸ ಬೇಡ.

ಅರಳಿಕಟ್ಟೆ | ಜೂನ್ 10

ನಿವೃತ್ತ ಮೇಷ್ಟ್ರು, ಗ್ರೀಸ್ ಕಂಡವನಲ್ಲ. ಆದರೂ ಬಾಯಿ ಹಾಕುತ್ತೇನೆ. ಕನ್ನಡಿಗನಾದವನು ಅಲ್ಲಿಗೆ ಹೋಗುವ ಮುನ್ನ ಆಕ್ಸಿರಿಂಕಸ್ ಪ್ಯಾಪಿರಸ್ ಎಂಬ ಹಳೆಯ ಗ್ರೀಕ್ ಹಸ್ತಪ್ರತಿಯ ಕಥೆ ತಿಳಿದಿರಬೇಕು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹುಡುಗಿಯೊಬ್ಬಳ ಪ್ರಹಸನ ಅದು. ಅದರಲ್ಲಿ ಅಲ್ಲಿನ ಅರಸ ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ನಮ್ಮ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು.

ಉಪ್ಪುನೀರು | ಜೂನ್ 10

ಮೇಷ್ಟ್ರೇ, ಆ ಪ್ಯಾಪಿರಸ್ ಸಿಕ್ಕಿದ್ದು ಈಜಿಪ್ಟಿನಲ್ಲಿ. ಅದು ಕನ್ನಡವೇ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಇವರ ಕಾರಿಗೂ ಅದಕ್ಕೂ ಏನು ಸಂಬಂಧ?

ಅರಳಿಕಟ್ಟೆ | ಜೂನ್ 10

ಸಂಬಂಧವಿಲ್ಲ, ಒಪ್ಪಿದೆ. ಸಂಬಂಧವಿರುವುದನ್ನೇ ಹೇಳುತ್ತೇನೆ. ನೀವು ಹೇಳಿದ ಆ ನೆಯಾಪೊಲಿಯ ಹತ್ತಿರವೇ ಮಲೆಯಾ ಭೂಶಿರ ಇದೆ. ಟ್ರಾಯ್‌ನಿಂದ ಮನೆಗೆ ಹೊರಟ ಒಡಿಸ್ಯೂಸ್ ಮಲೆಯಾವನ್ನು ಸುತ್ತುವಾಗ ಬಡಗಣ ಗಾಳಿಗೆ ಸಿಕ್ಕಿ ಕಿಥಿರಾ ಆಚೆಗೆ ತಳ್ಳಲ್ಪಟ್ಟ. ಅವನ ದಾರಿ ತಪ್ಪಿದ್ದು ಅಲ್ಲಿ. ನಿಮ್ಮ ಹದಿನಾರು ದಿನದಲ್ಲಿ ಒಂದೆರಡನ್ನು ಆ ಗಾಳಿಗೆಂದು ಎತ್ತಿಡಿ.

ಸೊಪ್ಪಿನ ಸಾರು | ಜೂನ್ 11

ಅಮ್ಮನ ಊಟದ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ! ಚಿಂತೆ ಬೇಡ. ಗ್ರೀಕರ ಚರ್ಚಿನಲ್ಲಿ ಉಪವಾಸದ ದಿನಗಳು ಬಹಳ. ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಅಂಥ ಅಡುಗೆಗೆ ನಿಸ್ತಿಸಿಮೊ ಎನ್ನುತ್ತಾರೆ. ಆದರೆ ಚಿಪ್ಪುಜೀವಿ, ಸ್ಕ್ವಿಡ್ಡಿನಂಥ ಕಡಲ ಜೀವಿಗಳಿಗೆ ಉಪವಾಸದಲ್ಲೂ ಅಡ್ಡಿಯಿಲ್ಲ, ಆದ್ದರಿಂದ ಬಿಡಿಸಿ ಕೇಳಿ.

ಹೋರ್ತಾ ಎಂದು ಕೇಳಿದರೆ ಗುಡ್ಡದಲ್ಲಿ ತಾನಾಗಿ ಬೆಳೆದ ನಾಲ್ಕಾರು ಬಗೆಯ ಸೊಪ್ಪನ್ನು ಬೇಯಿಸಿ, ಎಣ್ಣೆ, ನಿಂಬೆರಸ ಹಾಕಿ ತಂದಿಡುತ್ತಾರೆ. ನಮ್ಮ ಬೆರಕೆ ಸೊಪ್ಪೇ, ಸಾರು ಬಸಿಯದೆ ಬಿಟ್ಟರು ಅಷ್ಟೆ. ಫಾವಾ ಎಂದರೆ ಹಳದಿ ಬೇಳೆಯ ಗಟ್ಟಿ ತೊವ್ವೆ, ಮೇಲೆ ಹಸಿ ಈರುಳ್ಳಿ. ಯೆಮಿಸ್ತಾ ಎಂಬುದು ಅಕ್ಕಿ ತುಂಬಿದ ಟೊಮ್ಯಾಟೊ, ದಪ್ಪಮೆಣಸಿನಕಾಯಿ. ಕೆಲವರು ಅದಕ್ಕೆ ಕೈಮಾ ಸೇರಿಸುತ್ತಾರೆ, ‘ಖೋರಿಸ್ ಕ್ರೇಯಾಸ್’ ಎಂದರೆ ಮಾಂಸವಿಲ್ಲದ್ದು. ಫೆತಾ ಚೀಸನ್ನು ಹಳೆಯ ಪದ್ಧತಿಯಲ್ಲಿ ಕುರಿಮರಿಯ, ಆಡುಮರಿಯ ಹೊಟ್ಟೆಯ ಹೆಪ್ಪಿನಿಂದ ಮಾಡುತ್ತಾರೆ. ಅಮ್ಮನಿಗೆ ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಮನೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ತುಪ್ಪದ ಡಬ್ಬಿ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ.

ಶರಾವತಿ ದಂಡೆ | ಜೂನ್ 12

ಏಳರಲ್ಲಿ ಆರನ್ನು ಅಳಿಸಿದೆ. ಉಳಿದ ಒಂದೂ ಬದಲಾಯಿತು. ನಾಫ್ಪ್ಲಿಯೊ, ಲಿಯೊನಿದಿಯೊ, ಮೊನೆಮ್ವಾಸಿಯಾ, ಕಿಥಿರಾ, ಮಾನಿ, ಅಷ್ಟೆ. ಮಗಳು ಮಾತ್ರ ‘ಸ್ಯಾಂಟೊರಿನಿ ಇಲ್ಲವೇ?’ ಎಂದು ಮುಖ ಊದಿಸಿಕೊಂಡಿದ್ದಾಳೆ. ವೀಸಾ ಅರ್ಜಿಗೆ ದೊಡ್ಡವರಿಗೆ ತಲಾ 90 ಯೂರೋ, ಮಗಳಿಗೆ ಅದರ ಅರ್ಧ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ದಾಖಲೆ ಜೋಡಿಸುವುದರಲ್ಲೇ ಅರ್ಧ ಪ್ರವಾಸ ಮುಗಿದಂತಾಗಿದೆ.

ಉಪ್ಪುನೀರು | ಜೂನ್ 12

ಬಾಡಿಗೆ ಕಾರನ್ನು ಹಡಗಿಗೆ ಹತ್ತಿಸಲು ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ಹಡಗಿನಲ್ಲಿ ಏನಾದರೂ ವಿಮೆ ನಿಮ್ಮ ಕೈ ಹಿಡಿಯುವುದಿಲ್ಲ. ಕಾರು ತೆಗೆದುಕೊಳ್ಳುವಾಗ ನಾಲ್ಕೂ ಚಕ್ರದ ಸಮೇತ ವಿಡಿಯೊ ಮಾಡಿ. ಪೂರ್ಣ ವಿಮೆ ಎಂದರೂ ಟೈರು, ಗಾಜು, ಗಾಡಿಯ ಅಡಿಭಾಗ ಹೊರಗಿರುವುದುಂಟು.

ಶರಾವತಿ ದಂಡೆ | ಅಕ್ಟೋಬರ್ 19

ಹೋಗಿ ಬಂದೆವು. ಇಲ್ಲಿ ಸಲಹೆ ಕೊಟ್ಟವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಕರ್ತವ್ಯ, ಉದ್ದವಾದರೆ ಸಹಿಸಿಕೊಳ್ಳಿ.

ನಾಫ್ಪ್ಲಿಯೊದಲ್ಲಿ ಮೂರು ರಾತ್ರಿ. ಅಥೆನ್ಸ್ ಆಗುವ ಮೊದಲು ಸ್ವತಂತ್ರ ಗ್ರೀಸ್‌ನ ರಾಜಧಾನಿಯಾಗಿದ್ದ ಊರು ಅದು. ಪಾಲಮಿದಿ ಕೋಟೆಗೆ 999 ಮೆಟ್ಟಿಲು ಎಂದು ಊರವರ ಮಾತು. ನಾನೂ ಮಗಳೂ ಹತ್ತಿದೆವು, ಎಣಿಕೆ ಮುನ್ನೂರರ ಹತ್ತಿರ ತಪ್ಪಿತು. ಮೇಲೆ ಹೋಗಿ ನೋಡಿದರೆ ಅಮ್ಮ ಆಗಲೇ ಕೋಟೆ ಬಾಗಿಲ ಬಳಿ ಕುಳಿತಿದ್ದರು. ಹಿಂದಿನಿಂದ ಕಾರು ರಸ್ತೆ ಇದೆ, ನನ್ನಾಕೆ ಕರೆತಂದಿದ್ದಳು. ಎಪಿಡಾವ್ರೊಸ್‌ನ ಬಯಲು ರಂಗಮಂದಿರದಲ್ಲಿ ಐವತ್ತೈದು ಸಾಲು. ಮಗಳು ಕೆಳಗೆ ನಡುವಿನ ಕಲ್ಲಿನ ಮೇಲೆ ನಿಂತು ‘ಸ್ಯಾಂಟೊರಿನಿ’ ಎಂದು ಪಿಸುಗುಟ್ಟಿದಳು. ಮೇಲಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು.

ಲಿಯೊನಿದಿಯೊ ದಾರಿಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಬೆಟ್ಟ, ನಡುವೆ ಆಲಿವ್ ತೋಟಗಳು. ಅಲ್ಲಲ್ಲಿ ಕೆಳಗೆ ಪುಟ್ಟ ಬೆಣಚುಕಲ್ಲಿನ ದಂಡೆ ಕಂಡರೆ ನಿಲ್ಲಿಸುವುದು, ಈಜುವುದು, ಒಣಗುವುದು, ಮುಂದೆ ಹೋಗುವುದು. ಒಂದೂವರೆ ಗಂಟೆಯ ದಾರಿಗೆ ಇಡೀ ದಿನ ಹಿಡಿಯಿತು. ಊರಿನ ಹಿಂದೆ ಕೆಂಪು ಬಂಡೆಗಳ ಗೋಡೆ, ಸಂಜೆಯ ಬಿಸಿಲಿಗೆ ಕೆಂಡದ ಬಣ್ಣ. ಅಲ್ಲಿನ ಹಿರಿಯರು ತ್ಸಾಕೋನಿಯನ್ ಎಂಬ ಭಾಷೆ ಆಡುತ್ತಾರೆ. ಉಳಿದ ಗ್ರೀಕ್ ನುಡಿಗಳ ದಾರಿಯೇ ಬೇರೆ, ಇದು ಹಳೆಯ ಡೋರಿಕ್‌ನಿಂದ ಇಳಿದು ಬಂದದ್ದು. ಮನೆಯಲ್ಲಿ ಹವ್ಯಕ ಕನ್ನಡ ಆಡುವ ಅಮ್ಮನಿಗೆ ಇದನ್ನು ಹೇಳಿದರೆ, ‘ಹಾಗಾದರೆ ನಮ್ಮವರೇ’ ಎಂದರು. ಅಲ್ಲಿನ ಉದ್ದನೆಯ ನೇರಳೆ ಪಟ್ಟೆಯ ಬದನೆಕಾಯಿ ಸಿಹಿಯಾಗಿದೆ, ಅಮ್ಮ ಬೀಜ ಕೇಳಿದರು, ಸಿಗಲಿಲ್ಲ.

ಅಲ್ಲಿಂದ ಕೊಸ್ಮಾಸ್ ಎಂಬ ಬೆಟ್ಟದೂರಿಗೆ ಹತ್ತುವ ದಾರಿ ನಮ್ಮ ಆಗುಂಬೆ ಘಾಟಿಯ ತಮ್ಮ. ತಿರುವು ತಿರುವಿಗೂ ಕಬ್ಬಿಣದ ಕಂಬದ ಮೇಲೆ ಪುಟ್ಟ ಗುಡಿಯಂಥ ತಗಡಿನ ಪೆಟ್ಟಿಗೆ. ಮಗಳು ಅಂಚೆ ಡಬ್ಬಿ ಎಂದುಕೊಂಡಳು. ಅಪಘಾತದಲ್ಲಿ ಸತ್ತವರ ನೆನಪಿಗೋ, ಬದುಕಿ ಉಳಿದವರು ಹರಕೆ ತೀರಿಸಲೋ ನಿಲ್ಲಿಸಿದ್ದು ಅವು. ಒಂದು ಕಡೆ ಕಾರು ನಿಲ್ಲಿಸಿದಾಗ ಅಮ್ಮ ಗಾಜಿನ ಬಾಗಿಲೊಳಗೆ ಇಣುಕಿದರು. ಮಾಸಿದ ಮೇರಿಯ ಚಿತ್ರ, ಎಣ್ಣೆ ತುಂಬಿದ ಲೋಟ, ಅದರ ಮೇಲೆ ಬೆಂಡಿನ ತುಂಡಿಗೆ ಸಿಕ್ಕಿಸಿದ ಬತ್ತಿ, ಪಕ್ಕದಲ್ಲಿ ನೀರಿನ ಬಾಟಲಿಯಲ್ಲಿ ಅರ್ಧ ಎಣ್ಣೆ, ಬೆಂಕಿಪೊಟ್ಟಣ. ದೀಪ ಆರಿತ್ತು. ‘ಹಚ್ಚಲೇ?’ ಎಂದರು. ಬೇರೆಯವರ ದೇವರು, ಬೇರೆಯವರ ಸತ್ತವರು, ಬೇಡಮ್ಮ ಎಂದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಪಿಕಪ್ ಗಾಡಿಯೊಂದು ನಿಂತಿತು. ನನ್ನ ಎದೆ ಡವಗುಟ್ಟಿತು. ಇಳಿದ ಮುದುಕ ನಮ್ಮನ್ನು ನೋಡಿದ, ಲೋಟ ನೋಡಿದ, ಬಾಟಲಿಯಿಂದ ಎಣ್ಣೆ ಸುರಿದು ಬೆಂಕಿಪೊಟ್ಟಣವನ್ನು ಅಮ್ಮನ ಕೈಗೆ ಕೊಟ್ಟ. ಗಾಳಿಗೆ ಎರಡು ಕಡ್ಡಿ ಹಾಳಾದವು, ಮೂರನೆಯದು ಹತ್ತಿತು. ಆತ ಯಾರ ನೆನಪಿಗೆ ನಿಲ್ಲಿಸಿದ್ದೆಂದು ಕೇಳಲು ನಮಗೆ ಭಾಷೆ ಇರಲಿಲ್ಲ. ಹೊರಡುವಾಗ ಗಾಡಿಯ ಹಿಂದಿನಿಂದ ಒಂದು ಬಾಟಲಿ ಎಣ್ಣೆ ತೆಗೆದು ಅಮ್ಮನಿಗೆ ಕೊಟ್ಟು ಹೋದ.

ಅರಳಿಕಟ್ಟೆ | ಅಕ್ಟೋಬರ್ 19

ಮುಂದೆ ಹೇಳಿ. ಗಾಳಿ ಏನಾಯಿತು?

ಶರಾವತಿ ದಂಡೆ | ಅಕ್ಟೋಬರ್ 20

ಮೇಷ್ಟ್ರೇ, ನಿಮ್ಮ ಬಾಯಲ್ಲಿ ಮಚ್ಚೆ ಇರಬೇಕು. ಮೊನೆಮ್ವಾಸಿಯಾದಲ್ಲಿ ಎರಡು ದಿನ ಬಿಸಿಲು. ಕಡಲಲ್ಲಿ ಎದ್ದು ನಿಂತ ಒಂಟಿ ಬಂಡೆ, ಅದರ ಮಗ್ಗುಲಲ್ಲಿ ಕೋಟೆಯೂರು, ಒಳಗೆ ಹೋಗಲು ಒಂದೇ ದಾರಿ. ಹೆಸರಿನ ಅರ್ಥವೂ ಅದೇ. ಕಾರು ಬಾಗಿಲವರೆಗೆ ಮಾತ್ರ, ಒಳಗೆಲ್ಲ ನುಣುಪಾದ ಕಲ್ಲುಹಾಸು. ಅಮ್ಮನ ಮಂಡಿಗೆ ಅದು ಕಷ್ಟವಾಯಿತು. ವಯಸ್ಸಾದವರಿದ್ದರೆ ಈಚೆ ದಡದ ಗೆಫಿರಾದಲ್ಲಿ ಉಳಿಯುವುದು ಮೇಲು, ನಾವು ಒಳಗೆ ಉಳಿದು ಪೆಟ್ಟಿಗೆ ಹೊತ್ತು ಬುದ್ಧಿ ಕಲಿತೆವು.

ಮೂರನೆಯ ದಿನ ನೆಯಾಪೊಲಿಗೆ ಬಂದರೆ ಟಿಕೆಟ್ ಕಿಟಕಿಯ ಹೆಂಗಸು ನಾನು ಬಾಯಿ ತೆರೆಯುವ ಮೊದಲೇ ಹುಬ್ಬು ಮೇಲೆತ್ತಿ, ನಾಲಗೆಯಿಂದ ‘ತ್ಚು’ ಎಂದರು. ಇಲ್ಲ ಎನ್ನಲು ಅವರೂ ನಮ್ಮ ಹಾಗೆಯೇ ಲೊಚಗುಟ್ಟುತ್ತಾರೆ! ‘ಅಪಗೊರೆಫ್ತಿಕೊ’ ಎಂದೆ. ಅವರು ನಕ್ಕರು. ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ಆಡಿದ ಗ್ರೀಕ್ ಪದ ಅದೊಂದೇ. ಕಿಥಿರಾದಲ್ಲಿ ನಾಲ್ಕು ರಾತ್ರಿ ಇದ್ದದ್ದು ಮೂರಾಯಿತು. ಆ ಒಂದು ದಿನ ಕಡಲ ಬದಿಯ ಹೋಟೆಲಿನಲ್ಲಿ ಕುಳಿತು, ದಂಡೆಯ ಬೀಸುಗಾಳಿಗೆ ಕುರ್ಚಿಗಳು ಉರುಳುವುದನ್ನು ನೋಡುತ್ತ, ಹೋರ್ತಾ ತಿಂದೆವು. ಏಳು ದ್ವೀಪದ ಪಟ್ಟಿ ಹಿಡಿದು ಬಂದಿದ್ದರೆ ಆ ದಿನ ನಾನು ತಲೆ ಕೆಡಿಸಿಕೊಂಡು ಫೋನಿನಲ್ಲಿ ಅರಚಾಡುತ್ತಿದ್ದೆ.

ಮರುದಿನ ಹಡಗು. ಅಮ್ಮ, ಮಗಳು ನಡೆದು ಹತ್ತಿದರು, ನಾನೊಬ್ಬನೇ ಕಾರಿನಲ್ಲಿ. ಹಿಮ್ಮುಖವಾಗಿ ಒಳಗೆ ಬಿಡಬೇಕು ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಕಬ್ಬಿಣದ ಇಳಿಜಾರು, ಎಡಕ್ಕೆ ಲಾರಿ, ಬಲಕ್ಕೆ ಕೈಯಗಲ ಬಿಟ್ಟು ಗೋಡೆ. ಕನ್ನಡಿಯಲ್ಲಿ ಖಲಾಸಿಯೊಬ್ಬ ಎರಡೂ ಕೈ ಬೀಸಿ ‘ಎಲಾ, ಎಲಾ, ಎಲಾ!’ ಎಂದು ಕೂಗುತ್ತಿದ್ದಾನೆ. ಬಾ ಎಂದು ಅದರ ಅರ್ಥವಂತೆ. ನನಗೆ ಮಾತ್ರ ‘ಎಲಾ ಇವನ, ಓಡಿಸಲೂ ಬಾರದೇ’ ಎಂದಂತೆ ಕೇಳಿಸಿತು.

ಕಿಥಿರಾದಲ್ಲಿ ಜನ ಕಡಿಮೆ. ಕಪ್ಸಾಲಿಯ ಜೋಡಿ ಕೊಲ್ಲಿಯಲ್ಲಿ ದಿನವೂ ಈಜು. ಎದುರಿಗೆ ಮೊಟ್ಟೆಯಾಕಾರದ ಬಂಡೆದ್ವೀಪ. ಇಲ್ಲಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋದವರು ಬಹಳ, ಅಂಗಡಿಯಲ್ಲಿ ಅಜ್ಜನೊಬ್ಬ ಅಪ್ಪಟ ಆಸ್ಟ್ರೇಲಿಯಾದ ಉಚ್ಚಾರಣೆಯಲ್ಲಿ ಇಂಗ್ಲಿಷ್ ಆಡಿ ಮಗಳನ್ನು ಬೆರಗುಗೊಳಿಸಿದ. ಬ್ರಿಟಿಷರು 1826ರಲ್ಲಿ ಕಟ್ಟಿದ ಹದಿಮೂರು ಕಮಾನಿನ ಸೇತುವೆ ಕಟೂನಿಯಲ್ಲಿದೆ, ಅದರ ಕೆಳಗೆ ನದಿ ಎನ್ನುವಂಥದ್ದೇನೂ ಕಾಣಲಿಲ್ಲ.

ಮಾನಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ಮುಗಿಯುವುದಿಲ್ಲ. ಬೋಳು ಗುಡ್ಡ, ಕಲ್ಲಿನ ಗೋಪುರದ ಮನೆಗಳು. ಒಂದು ಮನೆತನ ಎತ್ತರಿಸಿದರೆ ಹಗೆಯ ಮನೆತನ ಇನ್ನೂ ಎತ್ತರ ಕಟ್ಟುತ್ತಿತ್ತು. ದಿರೊಸ್ ಗುಹೆಯೊಳಗೆ ದೋಣಿಯಲ್ಲೇ ಕೂರಿಸಿಕೊಂಡು ಹೋಗುತ್ತಾರೆ, ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ತೆನಾರೊ ಭೂಶಿರದ ದೀಪಸ್ತಂಭಕ್ಕೆ ನಾನೊಬ್ಬನೇ ನಡೆದೆ.

ತಕರಾರು ಎಂದರೆ ಕಾರು ಹಿಂತಿರುಗಿಸುವಾಗ ಚಕ್ರದ ಬಿಲ್ಲೆಯ ಮೇಲಿನ ಗೀರಿಗೆ ಬಾಡಿಗೆ ಕಂಪನಿಯವರು ಹಣ ಹಿಡಿದರು. ವಿಡಿಯೊ ತೋರಿಸಿದೆ. ಮೂರು ಚಕ್ರ ಮಾತ್ರ ಅದರಲ್ಲಿತ್ತು.

ಉಪ್ಪುನೀರು | ಅಕ್ಟೋಬರ್ 20

ನಾಲ್ಕೂ ಚಕ್ರ ಎಂದು ಬರೆದಿದ್ದೆ. ಮೇಲೆ ಹೋಗಿ ನೋಡಿ.

ನಾಲ್ಕನೇ ಗೇರ್ | ಅಕ್ಟೋಬರ್ 21

ಪೆಟ್ರೋಲ್ ಖರ್ಚು ಎಷ್ಟಾಯಿತು? ಮಾನಿಯಲ್ಲಿ ಬಂಕ್‌ಗಳು ಸಿಕ್ಕವೇ?

ಶರಾವತಿ ದಂಡೆ | ಅಕ್ಟೋಬರ್ 21

ಲೀಟರಿಗೆ ಎರಡು ಯೂರೋ ಹತ್ತಿರ ತೆತ್ತೆ, ದ್ವೀಪದಲ್ಲಿ ಇನ್ನಷ್ಟು. ಅರೆಯೊಪೊಲಿ ದಾಟಿದ ಮೇಲೆ ಬಂಕ್‌ಗಳು ವಿರಳ, ಭಾನುವಾರ ಮುಚ್ಚಿದ್ದನ್ನೂ ಕಂಡೆ. ಅರ್ಧ ಟ್ಯಾಂಕ್ ಇಳಿದರೆ ತುಂಬಿಸಿಬಿಡಿ.

ಸೊಪ್ಪಿನ ಸಾರು | ಅಕ್ಟೋಬರ್ 21

ಆ ಅಜ್ಜ ಕೊಟ್ಟ ಎಣ್ಣೆ ಏನಾಯಿತು? ರುಚಿ ಹೇಗಿತ್ತು?

ಶರಾವತಿ ದಂಡೆ | ಅಕ್ಟೋಬರ್ 22

ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದರು. ಹಸಿರು ಬಣ್ಣ, ಗಂಟಲಲ್ಲಿ ಸ್ವಲ್ಪ ಖಾರ. ಒಗ್ಗರಣೆಗೆ ಆಗದು, ದೀಪಕ್ಕೆ ಚೆನ್ನ ಎಂದು ಅಮ್ಮ ದೇವರ ಮುಂದೆ ಇಟ್ಟಿದ್ದಾರೆ. ಸಂಜೆಗೊಂದು ಚಮಚ.

ಸೊಪ್ಪಿನ ಸಾರು | ಅಕ್ಟೋಬರ್ 22

ಅಯ್ಯೋ, ಅಂಥ ಎಣ್ಣೆಯನ್ನು ದೀಪಕ್ಕೇ! ಒಂದು ಲೋಟ ನನಗೆ ಎತ್ತಿಡಲು ಹೇಳಿ, ಜಯನಗರಕ್ಕೆ ನಾನೇ ಬಂದು ಒಯ್ಯುತ್ತೇನೆ.